ಕೊಟ್ನಾರು

ಪೊಲೀಸ್ ಪೇದೆ ಕೋನಪ್ಪ ಖಾಕಿ ತೊಟ್ಟು ಚಿಂತಾಮಣಿ ಬಸ್ಸು ಹತ್ತಿದರೆ ಪಕ್ಕದ ಸೀಟು ಖಾಲಿಯೇ ಉಳಿಯುತ್ತಿತ್ತು. ಬುಟ್ಟಿ ಹೊತ್ತ ಹೆಂಗಸರು ಕಂಬಿ ಹಿಡಿದು ಜೋಲಾಡುತ್ತಾ ನಿಂತಾರೇ ಹೊರತು ಅವನ ಪಕ್ಕ ಕೂರುವವರಲ್ಲ. ಹೋಟೆಲಿಗೆ ಕಾಲಿಟ್ಟರೆ ಅದುವರೆಗೆ ಗಲಗಲ ಎನ್ನುತ್ತಿದ್ದವರೆಲ್ಲ ಕಾಫಿ ಲೋಟಕ್ಕೆ ಮುಖ ಹಾಕುತ್ತಿದ್ದರು. ಕೆಲಸ ಸಿಕ್ಕ ಹೊಸತರಲ್ಲಿ ಅವನು ಇದನ್ನು ಮರ್ಯಾದೆ ಎಂದುಕೊಂಡಿದ್ದ, ಪಾಪ. ಅದು ಹೆದರಿಕೆ, ಹೆದರಿಕೆಯ ಜೊತೆಗೆ ಅಸಹ್ಯ ಎಂದು ತಿಳಿಯುವಷ್ಟರಲ್ಲಿ ಮೀಸೆ ನರೆತಿತ್ತು. "ನೀನು ಕೆಟ್ಟೋನಲ್ಲ ಕಣಪ್ಪ, ಆ ಬಟ್ಟೆ ಕೆಟ್ಟದ್ದು" ಎನ್ನುತ್ತಿದ್ದಳು ಅವನ ತಾಯಿ ಅಮ್ಮಾಜಮ್ಮ. ಹೆತ್ತವಳು ಇನ್ನೇನು ತಾನೇ ಹೇಳಿಯಾಳು?

ಅವನ ಸ್ಟೇಷನ್ನು ಇದ್ದದ್ದು ಆಂಧ್ರದ ಗಡಿಗೆ ಅಂಟಿಕೊಂಡ ಒಂದು ಊರಿನಲ್ಲಿ. ಹೆಸರು ಬಿಡಿ, ಯಾಕೆ ಸುಮ್ಮನೆ. ಅಲ್ಲಿ ಅಂಗಡಿಯ ಬೋರ್ಡು ಕನ್ನಡ, ಮನೆಯ ಮಾತು ತೆಲುಗು, ಜಗಳಕ್ಕೆ ಎರಡೂ. ಆ ಊರಿನ ತರಕಾರಿ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ ಕೆಂಪರಾಜುವನ್ನು ಒಂದು ಬೇಸಗೆಯಲ್ಲಿ ಸ್ಟೇಷನ್ನಿಗೆ ಎಳೆದು ತಂದರು. ಮಂಡಿಯ ಸಾಹುಕಾರನ ಮೊಬೈಲು ಕಾಣೆಯಾಗಿತ್ತು. ಆಗ ಮೊಬೈಲು ಇದ್ದವನೆಂದರೆ ಊರಿಗೇ ದೊಡ್ಡ ಮನುಷ್ಯ. ಹತ್ತಿರದಲ್ಲಿದ್ದವನು ಊರಾಚೆಯ ದಲಿತರ ಕಾಲೋನಿಯವನು, ಅದೂ ಕೂಲಿಯವನು. ಕಳ್ಳ ಎನ್ನುವುದಕ್ಕೆ ಅಷ್ಟೇ ಸಾಕಾಯಿತು.

ಎಸ್ಸೈ ಲಾಠಿ ಹಿಡಿದರು. ಕೋನಪ್ಪನಿಗೆ ಅವನ ಕಾಲು ಹಿಡಿದುಕೋ ಎಂದರು. ಹಿಡಿದುಕೊಂಡ. ಅಂಗಾಲಿನ ಮೇಲೆ ಏಟು ಬಿದ್ದಾಗಲೆಲ್ಲ ಆ ಕಾಲುಗಳು ಅವನ ಕೈಯೊಳಗೆ ಒದ್ದಾಡಿದವು. ಮಾರನೆಯ ದಿನ ಮೊಬೈಲು ಸಾಹುಕಾರನದೇ ಸ್ಕೂಟರಿನ ಡಿಕ್ಕಿಯಲ್ಲಿ ಸಿಕ್ಕಿತು. "ಸಿಕ್ತು, ಹೋಗಯ್ಯ" ಎಂದು ಕೆಂಪರಾಜುವನ್ನು ಬಿಟ್ಟರು. ಅವನು ಗೋಡೆ ಹಿಡಿದುಕೊಂಡು ನಡೆದ. ತಪ್ಪಾಯ್ತು ಎನ್ನುವ ಮಾತು ಆ ಕಟ್ಟಡದಲ್ಲಿ ಯಾರ ಬಾಯಿಂದಲೂ ಬರಲಿಲ್ಲ, ಕೋನಪ್ಪನ ಬಾಯಿಂದಲೂ.

ಮೊಬೈಲು ಸಿಕ್ಕಿದ ಸುದ್ದಿ ಯಾರ ಕಿವಿಗೂ ಬೀಳಲಿಲ್ಲ, ಪೊಲೀಸರು ಹಿಡಿದುಕೊಂಡು ಹೋದ ಸುದ್ದಿ ಮಾತ್ರ ಎಲ್ಲರಿಗೂ ತಲುಪಿತು. ಕುಂಟುತ್ತಾ ಹೋದ ಕೆಂಪರಾಜುವನ್ನು ಯಾವ ಮಂಡಿಯವರೂ ಒಳಗೆ ಸೇರಿಸಲಿಲ್ಲ. ಅವನ ತಾಯಿ ಮುನಿಶಾಮಮ್ಮ ಸುಮ್ಮನೆ ಕೂರುವ ಹೆಂಗಸಲ್ಲ. ದಲಿತ ಸಂಘದವರ ಕೈಕಾಲು ಹಿಡಿದು ಬೆಂಗಳೂರಿಗೆ ದೂರು ಕೊಡಿಸಿದಳು. ಅವಳಿಗೆ ಪರಿಹಾರ ಗಿರಿಹಾರ ಬೇಕಿರಲಿಲ್ಲ. ನಿನ್ನ ಮಗ ಕಳ್ಳನಲ್ಲ, ಹೊಡೆದದ್ದು ತಪ್ಪು ಎಂದು ದೊಡ್ಡವರೊಬ್ಬರು ಹೇಳಬೇಕಿತ್ತು, ಅಷ್ಟೇ.

ವಿಚಾರಣೆಗೆ ಮೇಲಧಿಕಾರಿಯೊಬ್ಬರು ಬರುತ್ತಾರೆಂದು ಗೊತ್ತಾದ ದಿನ ಎಸ್ಸೈ ಕೋನಪ್ಪನನ್ನು ಪಕ್ಕಕ್ಕೆ ಕರೆದರು. "ಹೆದರ್ಕೋಬೇಡ. ಆ ಯಮ್ಮನಿಗೆ ಕನ್ನಡ ಮಾತಾಡಕ್ಕೆ ಬರಲ್ಲ, ಬಂದೋರಿಗೆ ತೆಲುಗು ಬರಲ್ಲ. ಒಂದು ನೆನಪಿರ್ಲಿ ಕೋನಪ್ಪ, ನಾನು ಮುಳುಗಿದ್ರೆ ನೀನೂ ಮುಳುಗ್ತೀಯ. ಕಾಲು ಹಿಡ್ಕೊಂಡಿದ್ದೋನು ನೀನು."

ಬಂದವರು ಬಾಗಲಕೋಟೆ ಕಡೆಯವರು. ಒಳ್ಳೆಯ ಮನುಷ್ಯರಂತೆಯೇ ಕಂಡರು. ಮುನಿಶಾಮಮ್ಮನಿಗೆ ಕುರ್ಚಿ ಹಾಕಿಸಿ, "ಅಂಜಬ್ಯಾಡ್ರಿ ಯವ್ವಾ, ಏನಾತು ಹೇಳ್ರಿ" ಎಂದರು. ಅವಳು ಕುರ್ಚಿಯ ತುದಿಯಲ್ಲಿ ಕುಳಿತು ಸೆರಗು ಬಿಗಿದುಕೊಂಡಳು.

"ನಾ ಕೊಡುಕುನಿ ಕೊಟ್ನಾರು ಸಾರೂ."

ನನ್ನ ಮಗನನ್ನು ಹೊಡೆದರು ಎಂದು ಅವಳು ಹೇಳಿದ್ದು. ಬಾಗಲಕೋಟೆಯ ಕಿವಿಗೆ ಕೇಳಿಸಿದ್ದೇ ಬೇರೆ.

"ಕೊಟ್ರಾ? ಏನ್ ಕೊಟ್ರವ್ವಾ?"

ಅವಳಿಗೆ ಗಾಬರಿಯಾಯಿತು. ಅಂಗಾಲು ಮುಟ್ಟಿ ತೋರಿಸುತ್ತಾ, "ಪಾದಾಲ ಮೀದ ಕೊಟ್ನಾರು ಸಾರೂ!" ಎಂದಳು.

"ಪಾದಕ್ಕ ಏನ್ ಕೊಟ್ರು, ಚಪ್ಪಲಿ ಏನು?"

ಎಸ್ಸೈ ಕಣ್ಣು ಮಿಟುಕಿಸುವಷ್ಟರಲ್ಲಿ ಬಾಯಿ ಹಾಕಿದರು. "ಹೌದು ಸಾರ್. ಬರಿಗಾಲಲ್ಲಿ ಬಂದಿದ್ದ, ಪಾಪ ಅನ್ನಿಸ್ತು. ಸ್ಟೇಷನ್ನಿಂದಲೇ ಒಂದು ಜೊತೆ ಚಪ್ಪಲಿ ಕೊಡಿಸಿದ್ವಿ."

ಕೋನಪ್ಪ ಬಾಗಿಲ ಬಳಿ ನಿಂತಿದ್ದ. ಮುನಿಶಾಮಮ್ಮನಿಗೆ ಕನ್ನಡ ಆಡಲು ಬಾರದಿದ್ದರೂ ಕೇಳಿದರೆ ತಿಳಿಯುತ್ತಿತ್ತು. ಮಗ ತಿಂದ ಏಟು ಕಣ್ಣೆದುರೇ ಚಪ್ಪಲಿಯಾಗಿ ಬಿಟ್ಟಿತ್ತು. ಅವಳ ಕಣ್ಣಲ್ಲಿ ನೀರು ಸುರಿಯತೊಡಗಿತು.

ಅಧಿಕಾರಿ ಅವಳನ್ನೇ ನೋಡಿದರು. ಚಪ್ಪಲಿ ಕೊಟ್ಟಿದ್ದಕ್ಕೆ ಯಾರು ಹೀಗೆ ಅಳುತ್ತಾರೆ? "ತೆಲುಗು ಬಲ್ಲ ಪೊಲೀಸ್ರು ಯಾರಿದ್ದೀರಿ ಇಲ್ಲಿ?" ಎಂದರು.

ಪೊಲೀಸ್ ಎನ್ನುವ ಮಾತಿಗೇ ಅವಳು ಬೆಚ್ಚಿ ಎರಡೂ ಕೈ ಆಡಿಸಿದಳು. "ಪೋಲೀಸೋಳ್ಳು ವದ್ದು ಸಾರೂ! ವದ್ದು!"

"ಒದ್ರಾ?" ಅಧಿಕಾರಿಯ ದನಿ ಏರಿತು. "ಪೊಲೀಸ್ರು ಒದ್ರಾ ನಿಮ್ಮ ಮಗನ್ನ?"

"ಅಯ್ಯೋ ಇಲ್ಲ ಸಾರ್!" ಎಸ್ಸೈ ಮುಂದೆ ನುಗ್ಗಿದರು. "ವದ್ದು ಅಂದ್ರೆ ಬೇಡ ಅಂತ. ಪೊಲೀಸರು ಬೇಡ ಅಂತಿದಾಳೆ. ತೆಲುಗು ಸಾರ್ ಅದು."

"ಹೌದೇನು?" ಅಧಿಕಾರಿ ಕುರ್ಚಿಗೆ ಒರಗಿದರು. "ನಿಮಗ ತೆಲುಗು ಚಲೋ ಬರ್ತದ ಹಂಗಾರ. ಕೊಟ್ನಾರು ಅಂದ್ರೇನ್ರಿ ತೆಲುಗಿನ್ಯಾಗ?"

ಎಸ್ಸೈ ಮುಖ ಸಪ್ಪಗಾಯಿತು. ಒಂದು ಮಾತು ತಪ್ಪಿಸಲು ಹೋಗಿ ಇನ್ನೊಂದಕ್ಕೆ ಸಿಕ್ಕಿಬಿದ್ದಿದ್ದರು. "ಅದು... ಎರಡೂ ಥರ ಅಂತಾರೆ ಸಾರ್. ಕೋನಪ್ಪ, ನೀನು ಹೇಳಯ್ಯ. ಇವನು ಇಲ್ಲೀವನೇ ಸಾರ್."

ಎಸ್ಸೈ ಕಣ್ಣಲ್ಲಿ ಗದರಿಕೆಯಿತ್ತು. ಮುನಿಶಾಮಮ್ಮ ತಲೆ ತಗ್ಗಿಸಿಬಿಟ್ಟಳು. ಪೊಲೀಸಿನವನು ಪೊಲೀಸಿನವನ ಕಡೆಗಲ್ಲದೆ ಇನ್ಯಾರ ಕಡೆಗೆ ಹೇಳಿಯಾನು? ಅವಳು ಕಿವಿಗೊಡುವ ಗೋಜಿಗೂ ಹೋಗಲಿಲ್ಲ. ಎಸ್ಸೈ ಗದರಿಕೆಗಿಂತ ಆ ತಗ್ಗಿದ ತಲೆಯೇ ಕೋನಪ್ಪನಿಗೆ ಹೆಚ್ಚು ಚುಚ್ಚಿತು. ಮನೆ, ಮಕ್ಕಳು, ಪಿಂಚಣಿ ಎಲ್ಲವೂ ತಲೆಯಲ್ಲಿ ಸುಳಿದು ಹೋದವು.

"ಹೊಡೆದ್ರು ಅಂತ ಸಾರ್," ಎಂದ. "ಕೊಟ್ನಾರು ಅಂದ್ರೆ ಹೊಡೆದ್ರು. ಅಂಗಾಲಿನ ಮೇಲೆ ಹೊಡೆದ್ರು ಅಂತಿದಾರೆ. ಚಪ್ಪಲಿ ಗಿಪ್ಪಲಿ ಯಾರೂ ಕೊಡ್ಲಿಲ್ಲ. ಆ ಹುಡುಗ ಏನೂ ಕದ್ದಿರ್ಲಿಲ್ಲ ಸಾರ್, ಮೊಬೈಲು ಸಾಹುಕಾರ್ರ ಸ್ಕೂಟರಲ್ಲೇ ಇತ್ತು."

ಮುನಿಶಾಮಮ್ಮ ತಲೆಯೆತ್ತಿದಳು.

"ಹೊಡೆದೋರು ಯಾರವ್ವಾ?" ಎಂದು ಅಧಿಕಾರಿ ಮೆಲ್ಲಗೆ ಕೇಳಿದರು.

"ವೀಳ್ಳೇ ಸಾರೂ."

"ಏನಂದ್ರು?"

ವೀಳ್ಳೇ ಎಂದರೆ ಇವರೇ. ಅಷ್ಟು ಹೇಳಿದ್ದರೆ ಮುಗಿದಿತ್ತು. ಇವರು ಎಂದರೆ ಎಸ್ಸೈ ಇರಬಹುದು, ಸ್ಟೇಷನ್ನು ಇರಬಹುದು, ಸರ್ಕಾರವೇ ಇರಬಹುದು. ಕೋನಪ್ಪ ಅದರಿಂದ ಸಲೀಸಾಗಿ ಹೊರಗುಳಿಯಬಹುದಿತ್ತು.

"ನಾವೇ ಅಂತಿದಾರೆ ಸಾರ್. ಹೊಡೆದಿದ್ದು ಸಾಹೇಬ್ರು. ಕಾಲು ಹಿಡ್ಕೊಂಡಿದ್ದು ನಾನು."

ಎಸ್ಸೈ ಏನೋ ಕೂಗಿದರು, ಅಧಿಕಾರಿ ಕೈ ಎತ್ತಿ ತಡೆದರು. ಮುನಿಶಾಮಮ್ಮನಿಗೆ ಅದೊಂದೂ ಕೇಳಿಸಲಿಲ್ಲ. ತನ್ನ ಪರವಾಗಿ ನಿಜ ನುಡಿದ ಆ ಮುಖವನ್ನು, ಅದರ ಕೆಳಗಿದ್ದ ಕೈಗಳನ್ನು ಒಂದೊಂದಾಗಿ ನೋಡಿದಳು.

"ನುವ್ವಾ?" ಎಂದಳು. ನೀನಾ ಎಂದು.

ಅಧಿಕಾರಿ ಅದರ ಅರ್ಥ ಕೇಳಲಿಲ್ಲ. ಹೌದಮ್ಮಾ, ನಾನೇ ಎಂದು ಕೋನಪ್ಪ ಅವಳ ಮಾತಿನಲ್ಲೇ ಉತ್ತರ ಕೊಟ್ಟ.

"ಅವುನಮ್ಮಾ. ನೇನೇ."