ಕತ್ತರಿ ಅಪ್ಪನದು, ಹೊಲಿಗೆ ಅಮ್ಮನದು

ಮದುವೆಯಾಗಿದ್ದಷ್ಟು ಕಾಲ ಒಂದೇ ಅಂಗಡಿಯಲ್ಲಿ ಅವನು ಬಟ್ಟೆ ಕತ್ತರಿಸುತ್ತಿದ್ದ, ಅವಳು ಹೊಲಿಯುತ್ತಿದ್ದಳು. ವಿಚ್ಛೇದನವಾಗಿ ಅಂಗಡಿ ಮುಚ್ಚಿದರೂ ಆ ಪಾಲು ಮಾತ್ರ ಹಾಗೇ ಉಳಿಯಿತು. ಮಗಳನ್ನು ಇಬ್ಬರೂ ಸೇರಿ ಬೆಳೆಸಿ ಎಂದು ಕೋರ್ಟು ಹೇಳಿತ್ತಲ್ಲ, ಅವಳ ಬಟ್ಟೆಯನ್ನು ಅಪ್ಪ ಕತ್ತರಿಸಿ ಕಳಿಸುವುದು, ಅಮ್ಮ ಹೊಲಿಯುವುದು. ಮಗಳು ಮಾತಿನ ಮಲ್ಲಿ. ಎರಡೂ ಮನೆಯಲ್ಲಿ ಅವಳಿಗೆ ಚಿನಕುರುಳಿ ಎಂದೇ ಹೆಸರು.

ಶಾಲೆಯ ವಾರ್ಷಿಕೋತ್ಸವದಲ್ಲಿ ಅವಳು ಅಂಬಿಗನ ಪದ್ಯ ಹೇಳಬೇಕಿತ್ತು. ಕೊನೆಗೆ ಎರಡೂ ಕೈ ಮೇಲೆತ್ತಿ ಆಚೆ ದಡವನ್ನು ಕೂಗಿ ಕರೆಯಬೇಕು. ಮೆಟ್ಟಿಲ ಮೇಲೆ, ಬಸ್ಸಿನಲ್ಲಿ, ಬಚ್ಚಲಲ್ಲಿ ಅದೇ ಜಪ. ಪ್ರಾಸ ಕೂಡಿದ ಕಡೆಯೆಲ್ಲ ಕಣ್ಣು ಮುಚ್ಚುತ್ತಿದ್ದಳು, ದೇವರ ಮುಂದೆ ನಿಂತವಳ ಹಾಗೆ.

ಹೊಸ ಬಿಳಿ ಅಂಗಿಯೇ ಆಗಬೇಕೆಂದರು ಟೀಚರ್. ಆ ವಾರ ಮಗಳು ಅಮ್ಮನ ಮನೆಯಲ್ಲಿದ್ದಳು. ಫೋನ್ ಮಾಡಿ ಅಳತೆ ಕೇಳುವುದೆಂದರೆ ಅಪ್ಪನಿಗೆ ಮೂಗು ಕೊಯ್ದಷ್ಟು ಅವಮಾನ. ಹಳೇ ಅಳತೆಗೇ ಕತ್ತರಿ ಆಡಿಸಿ, ತುಂಡುಗಳನ್ನು ಶಾಲೆಯ ಗೇಟಿನಲ್ಲಿ ಅವಳ ಕೈಗಿತ್ತ.

ಹರಡಿ ನೋಡಿದ ಕೂಡಲೇ ಅಮ್ಮನಿಗೆ ಗೊತ್ತಾಯಿತು.

"ಕಂಕುಳಲ್ಲಿ ಹಿಡಿಯತ್ತೆ ಅಲ್ವಾಮ್ಮಾ?"

"ಹಿಡೀಲಿ. ನಿಮ್ಮಪ್ಪನ ಕೈಚಳಕ ಊರೆಲ್ಲ ನೋಡ್ಲಿ."

"ನಾನು ಕೈ ಎತ್ತಬೇಕು!"

"ಹೋಗಿ ಆ ಮಹಾಶಯರಿಗೇ ಹೇಳು."

ಹೇಳಿದಳು. "ಸಡಿಲ ಬಿಡೋದು ಹೊಲಿಯೋರ ಕೆಲಸ ಪುಟ್ಟಾ. ನಾನು ಸೂಜಿ ಮುಟ್ಟಲ್ಲ" ಎಂದ ಅಪ್ಪ.

ಅಮ್ಮ ಹೊಲಿದಳು, ಒಂದು ಗೆರೆಯೂ ಸೊಟ್ಟಗಾಗದ ಹಾಗೆ.

ವೇದಿಕೆಯ ಮೇಲೆ ಚಿನಕುರುಳಿಯ ದನಿ ತಿಳಿನೀರಿನಂತೆ ಹರಿಯಿತು. ಕೊನೆಯ ಸಾಲುಗಳು ಬಂದವು. ಕೈ ಎತ್ತಿದಳು. ಮೈಕಿನ ಮುಂದೆಯೇ ಪರ್ರೆಂದು ಬಟ್ಟೆ ಹರಿಯಿತು. ಸಭೆ ಗೊಳ್ಳೆಂದಿತು. ಅವಳು ಕೈಯಿಳಿಸಿ ಪಕ್ಕೆಗೆ ಒತ್ತಿಕೊಂಡಳು. ಪದ್ಯ ಅಲ್ಲೇ ನಿಂತಿತು.

ಪರದೆಯ ಹಿಂದೆ, ಓಡಿಬಂದ ಅಪ್ಪನಿಗೆ ಅಮ್ಮ ಅವಳ ತೋಳು ಹಿಡಿದೆತ್ತಿ ತೋರಿಸಿದಳು. "ಕಣ್ಣಿಟ್ಟು ನೋಡಿ. ನನ್ನ ಹೊಲಿಗೆ ಬಿಟ್ಟಿಲ್ಲ. ಹರಿದಿರೋದು ನಿಮ್ಮ ಬಟ್ಟೆ."

"ಒಳಗೆ ಬೇಕಾದಷ್ಟು ಬಟ್ಟೆ ಬಿಟ್ಟಿದ್ದೆ. ಅದನ್ನ ಹೊಲಿಗೆಯೊಳಗೆ ನುಂಗಿದೋಳು ಯಾರು?"

"ಬೆಳೆಯೋ ಮಗು ಅನ್ನೋದಾದ್ರೂ ನೆನಪಿತ್ತಾ?"

"ನೆನಪಿದ್ದೋಳು ಬಾಯಿ ಬಿಡಬಹುದಿತ್ತು."

"ಟೀಚರ್, ಇನ್ನೊಂದ್ಸಲ ಹೇಳ್ಲಾ?" ಎಂದಳು ಚಿನಕುರುಳಿ. ಟೀಚರ್ ಆಗದೆಂದು ತಲೆಯಾಡಿಸಿ, ಅವಳ ಕೆನ್ನೆ ಸವರಿ ಮುಂದೆ ಹೋದರು.

ಅಪ್ಪ ಮಗಳ ಕಡೆ ತಿರುಗಿದ. "ಇರಲಿ ಬಿಡು. ಹೊಸದು ಕತ್ತರಿಸಿ ಕಳಿಸ್ತೀನಿ."

"ಕಳಿಸಿ, ಹೊಲೀತೀನಿ" ಎಂದಳು ಅಮ್ಮ.

"ಯಾವುದಕ್ಕೆ?" ಎಂದು ಕೇಳಿದಳು ಮಗಳು.

ಪರದೆಯಾಚೆ ಮುಂದಿನ ಹುಡುಗಿ ಪದ್ಯ ಶುರುಮಾಡಿದ್ದಳು.