ಲೇಬಲ್ ಅಂಟಿಸಿದ ಡಿಸ್ಕು

ಹುಡುಗಿಗೆ ಪಿಸು ಎಂದು ಹೆಸರಿಟ್ಟವನು ಅವಳ ಸೋದರಮಾವ. ಅವಳು ಏನು ಹೇಳಿದರೂ ಪಿಸುಗುಟ್ಟಿದ ಹಾಗೇ ಕೇಳಿಸುತ್ತಿತ್ತು, ಅದೂ ಹೇಳಿದರೆ. ಶಾಲೆ ಅರ್ಧಕ್ಕೆ ಬಿಟ್ಟು ಮನೆಯಲ್ಲಿ ಕೂತಿದ್ದವಳನ್ನು ಮಾವ ತನ್ನ ವಿಡಿಯೋ ಅಂಗಡಿಗೆ ಕರೆತಂದು ಕಂಪ್ಯೂಟರಿನ ಮುಂದೆ ಕೂರಿಸಿದ್ದ. ಜನ ಹಳೇ ಕ್ಯಾಸೆಟ್ಟು ತರುತ್ತಿದ್ದರು, ಅವಳು ಅದನ್ನು ಡಿಸ್ಕಿಗೆ ಇಳಿಸಿಕೊಡುತ್ತಿದ್ದಳು.

ಲೇಬಲ್ ಅವಳದೇ ಉಪಾಯ. ಬೇರೆ ಅಂಗಡಿಯವರು ಡಿಸ್ಕಿನ ಮೇಲೆ ಪೆನ್ನಿನಲ್ಲಿ ಹೆಸರು ಗೀಚಿ ಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದರು. ಪಿಸು ಹಾಗಲ್ಲ. ಕ್ಯಾಸೆಟ್ಟಿನಿಂದಲೇ ಒಂದು ನಗುಮುಖ ಆರಿಸಿ, ಸುತ್ತ ಹೂಬಳ್ಳಿ ಹಬ್ಬಿಸಿ, ಅಂಟುಕಾಗದದ ಮೇಲೆ ಪ್ರಿಂಟ್ ತೆಗೆದು, ಕತ್ತರಿಯಲ್ಲಿ ದುಂಡಗೆ ಕತ್ತರಿಸಿ, ಉಗುರಿನಿಂದ ತೀಡಿ ತೀಡಿ ಅಂಟಿಸುತ್ತಿದ್ದಳು. ಕೈಗೆ ತೆಗೆದುಕೊಂಡವರು ಡಿಸ್ಕನ್ನು ಚೀಲದೊಳಗಿಡಲು ಮರೆತು ಲೇಬಲನ್ನೇ ನೋಡುತ್ತ ನಿಲ್ಲುತ್ತಿದ್ದರು.

"ಅದು ನಮ್ಮ ಹುಡುಗೀದು," ಎಂದು ಮಾವ ಎದೆಯುಬ್ಬಿಸುತ್ತಿದ್ದ. "ಬಾಯಿ ದೇವರು ಕೊಡಲಿಲ್ಲ, ಕೈ ಕೊಟ್ಟಿದಾನೆ."

ಹೊಗಳಿಕೆ ಅಂತ ಅವಳ ಪಾಲಿಗೆ ಬಂದದ್ದು ಅದೊಂದೇ.

ಬೇಸಿಗೆ ಏರುತ್ತಿದ್ದಂತೆ ಡಿಸ್ಕುಗಳು ಒಂದೊಂದಾಗಿ ವಾಪಸ್ಸು ಬರತೊಡಗಿದವು. ಒಬ್ಬರ ಮನೆಯಲ್ಲಿ ಚಿತ್ರ ಚೌಕಚೌಕವಾಗಿ ಒಡೆಯುತ್ತಿತ್ತು, ಇನ್ನೊಬ್ಬರ ಮನೆಯಲ್ಲಿ ಪ್ಲೇಯರು ಕರಕರ ಎಂದು ಹಲ್ಲು ಕಡಿಯುತ್ತಿತ್ತು. ಮಾವ ಪ್ರತಿ ಡಿಸ್ಕನ್ನೂ ಅಂಗಡಿಯ ಕಂಪ್ಯೂಟರಿಗೆ ಹಾಕಿ ನೋಡುತ್ತಿದ್ದ. ಚೆನ್ನಾಗಿಯೇ ಓಡುತ್ತಿತ್ತು.

ಹಿಂದಿನ ಬೀದಿಯ ಡ್ರೈವರಮ್ಮನೂ ಬಂದಳು. ತೀರಿಹೋದ ಗಂಡ ಬಸ್ ಓಡಿಸುತ್ತಿದ್ದವನು. ಅವನು ನಿವೃತ್ತಿಯಾದ ದಿನದ ಸಮಾರಂಭದ ಡಿಸ್ಕು ಅದು.

"ಹಾರ ಹಾಕಿಸ್ಕೊಳ್ಳೋದು ಬರುತ್ತೆ, ಮ್ಯಾನೇಜರು ಕೊರೆಯೋದೂ ಪೂರ್ತಿ ಬರುತ್ತೆ," ಎಂದಳು ಡ್ರೈವರಮ್ಮ. "ಕೊನೇಗೆ ನಮ್ಮ ಯಜಮಾನರು ಎದ್ದು ಮೈಕ್ ಹಿಡೀತಾರೆ ನೋಡು, ಅಷ್ಟೇ. ಟಿವಿ ಕಲ್ಲಾಗಿಬಿಡುತ್ತೆ. ಬದುಕಿದ್ದಾಗ್ಲೂ ನನ್ನ ಮುಂದೆ ಬಾಯಿ ಬಿಟ್ಟವರಲ್ಲ. ಈಗ್ಲೂ ಹಾಗೇ ಮಾಡಿದ್ರೆ ಹೇಗಪ್ಪಾ?"

ಮಾವ ನಕ್ಕು ಕಂಪ್ಯೂಟರಿನಲ್ಲಿ ಕೊನೆಯ ಭಾಗ ಹಾಕಿದ. ಓಡಿತು. ಡ್ರೈವರಮ್ಮ ಇಣುಕುವಷ್ಟರಲ್ಲಿ ನಿಲ್ಲಿಸಿ ಡಿಸ್ಕು ತೆಗೆದೂಬಿಟ್ಟ.

"ಡಿಸ್ಕು ಸರಿ ಇದೆಯಮ್ಮಾ. ನಿಮ್ಮ ಪ್ಲೇಯರ್‌ದೇ ತೊಂದ್ರೆ. ಯಾರಾದ್ರೂ ಒಳಗೆ ನೀರು ಗೀರು ಸೋಕಿಸಿದ್ರಾ?"

ಡ್ರೈವರಮ್ಮನ ಕಣ್ಣು ಸಣ್ಣಗಾಯಿತು. "ನೀರಾ? ನಮ್ಮ ಸೊಸೆ ಒದ್ದೆ ಬಟ್ಟೇಲಿ ಒರೆಸ್ತಾಳೆ. ಒರೆಸೋದೊಂದು ಹುಚ್ಚು ಅವಳಿಗೆ. ನಿಂತಿದ್ರೆ ನನ್ನನ್ನೂ ಒರೆಸಿಬಿಡ್ತಾಳೆ."

"ಮತ್ತೇನು, ಲೆನ್ಸಿಗೆ ತೇವ ಹತ್ತಿರುತ್ತೆ," ಎಂದ ಮಾವ. ಅವನಿಗದು ಬಾಯಿಗೆ ಬಂದ ಮಾತು. ಡ್ರೈವರಮ್ಮ ಮಾತ್ರ ಅದನ್ನು ಜೋಪಾನವಾಗಿ ಮನೆಗೆ ಹೊತ್ತುಕೊಂಡು ಹೋದಳು.

ಪಿಸು ಮೂಲೆಯಲ್ಲಿ ಕೂತು ಕೇಳಿಸಿಕೊಂಡಿದ್ದಳು. ಮಾತಾಡದವರಿಗೆ ನೋಡುವುದಕ್ಕೆ ಬೇಕಾದಷ್ಟು ಬಿಡುವಿರುತ್ತದೆ. ಕಂಪ್ಯೂಟರಿನಲ್ಲಿ ಮಾವ ಯಾವ ಡಿಸ್ಕನ್ನೂ ಪೂರ್ತಿ ಓಡಿಸಿ ನೋಡುವುದಿಲ್ಲ ಎಂಬುದು ಅವಳಿಗೆ ಕಂಡಿತ್ತು. ಅವನು ಊಟಕ್ಕೆ ಹೋದಾಗ ಅವಳು ಕಪಾಟಿನಲ್ಲಿದ್ದ, ಮನೆಗಳಲ್ಲಿರುವಂಥದೇ ಹಳೇ ಪ್ಲೇಯರನ್ನು ಇಳಿಸಿ, ವಾಪಸ್ಸು ಬಂದಿದ್ದ ಒಂದು ಡಿಸ್ಕು ಹಾಕಿ ಕಸ ಗುಡಿಸತೊಡಗಿದಳು. ಮೊದಮೊದಲು ಎಲ್ಲ ಸರಿಯಾಗಿತ್ತು. ಪ್ಲೇಯರಿನ ನೆತ್ತಿ ಬೆಚ್ಚಗಾದಂತೆ ಒಳಗಿನಿಂದ ಕರಕರ ಶುರುವಾಯಿತು. ಚಿತ್ರ ನಿಂತಿತು. ಹೊರತೆಗೆದ ಡಿಸ್ಕು ಬಿಸಿ ರೊಟ್ಟಿಯ ಹಾಗಿತ್ತು. ಹೂಬಳ್ಳಿಯ ಅಂಚಿನಲ್ಲಿ ಕಾಗದ ಸಣ್ಣಗೆ ಉಬ್ಬಿತ್ತು. ಕಂಪ್ಯೂಟರಿನಲ್ಲಿದ್ದ ಅದೇ ವಿಡಿಯೋವನ್ನು ಲೇಬಲ್ಲಿಲ್ಲದ ಬರೀ ಡಿಸ್ಕಿಗೆ ಹಾಕಿ, ಮೇಲೆ ಪೆನ್ನಿನಲ್ಲಿ ಬರೆದು ಓಡಿಸಿದಳು. ಕೊನೆಯವರೆಗೂ ಕೆಮ್ಮದೆ ಓಡಿತು.

ಮತ್ತೊಂದು ಜೊತೆ ಹಾಕಿ ನೋಡಿದಳು. ಅದೇ ಕಥೆ. ಕತ್ತರಿ ಕೂದಲೆಳೆಯಷ್ಟು ಓರೆಯಾದರೂ ಗಿರಗಿರ ತಿರುಗುವ ಡಿಸ್ಕು ಒಂದು ಕಡೆ ಭಾರವಾಗುತ್ತದೆ, ಶಾಖಕ್ಕೆ ಕಾಗದ ಸೆಟೆದು ಡಿಸ್ಕನ್ನೇ ಬಾಗಿಸುತ್ತದೆ. ಕೆಟ್ಟದ್ದು ಯಾರ ಮನೆಯ ಪ್ಲೇಯರೂ ಅಲ್ಲ. ಲೇಬಲ್ಲು.

ಮಾವ ಊಟ ಮುಗಿಸಿ ಬಂದ. ಹೇಳಬೇಕೆಂದು ಬಾಯಿ ತೆರೆದಳು.

"ಏನೇ ಪಿಸು?"

"ಏನಿಲ್ಲ ಮಾವ."

ಅಂದು ಸಂಜೆ ಒಬ್ಬ ಗಿರಾಕಿ ಮಗುವಿನ ಮುಖದ ಲೇಬಲ್ ಬೇಕೆಂದು ಕೇಳಿದ. ಗೊತ್ತಿದ್ದೂ ಗೊತ್ತಿದ್ದೂ ಅವಳು ಕತ್ತರಿಸಿದಳು, ತೀಡಿದಳು, ಅಂಟಿಸಿಕೊಟ್ಟಳು. ಅವನು ಆಹಾ ಎಂದ. ಆ ಆಹಾ ಅವಳ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಕೂತಿತು.

ಅವಳು ಮನೆಗೆ ಹೋಗುವ ದಾರಿಯಲ್ಲೇ ಡ್ರೈವರಮ್ಮನ ಮನೆ. ಮಹಡಿಯ ಕಿಟಕಿಯಿಂದ ಮಾತು ಬೀದಿಗೇ ಬೀಳುತ್ತಿತ್ತು. "ಸತ್ತವರ ಮಾತನ್ನೂ ಒರೆಸಿ ಹಾಕಿದ್ಯಲ್ಲೇ ಮಹಾತಾಯಿ." ಸೊಸೆಯ ಉತ್ತರ ಮೊದಮೊದಲು ಕೇಳಿಸುತ್ತಿತ್ತು. ಆಮೇಲಾಮೇಲೆ ಕೇಳಿಸಲಿಲ್ಲ. ಪಿಸು ತಲೆ ತಗ್ಗಿಸಿ ಬೇಗಬೇಗ ಹೆಜ್ಜೆ ಹಾಕುತ್ತಿದ್ದಳು. ಒಂದು ದಿನ ಸುತ್ತುಬಳಸಿನ ದಾರಿ ಹಿಡಿದಳು. ಮಾತು ಅಲ್ಲಿಗೂ ಬಂತು. ಅವಳ ಕಿವಿಯೊಳಗೇ ಕೂತು ಬಂದಿತ್ತು.

ಕೊನೆಗೆ ಬಸ್ ಡ್ರೈವರನ ವಿಡಿಯೋವನ್ನು ಹೊಸ ಡಿಸ್ಕಿಗೆ ಹಾಕಿದಳು. ಲೇಬಲ್ ಅಂಟಿಸಲಿಲ್ಲ. ಡಿಸ್ಕು ಕೊಟ್ಟು ಬಂದುಬಿಡುವುದು, ಅದು ಓಡಿದರೆ ಜಗಳ ತಾನಾಗೇ ನಿಲ್ಲುತ್ತದೆ, ಬಾಯಿ ಬಿಡುವ ಗೋಜೇ ಬೇಡ. ಹೀಗೆಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಮಹಡಿ ಹತ್ತಿದಳು.

ಬಾಗಿಲು ತೆರೆದದ್ದು ಸೊಸೆ. ಕಣ್ಣಡಿ ಕಪ್ಪಾಗಿತ್ತು. ಪ್ಲೇಯರಿನ ಮೇಲೆ ಬೆರಳಿನಲ್ಲಿ ಬರೆಯಬಹುದಾದಷ್ಟು ಧೂಳು ಕೂತಿತ್ತು.

"ಮಾವ ಕಳಿಸಿದ್ರು," ಎಂದು ಪಿಸು ಸುಳ್ಳು ಹೇಳಿದಳು.

ಡ್ರೈವರಮ್ಮ ತಾನೇ ಡಿಸ್ಕು ಹಾಕಿದಳು. ಹಾರ, ಚಪ್ಪಾಳೆ, ಮ್ಯಾನೇಜರರ ಕೊರೆತ. ಮೂವರೂ ಟಿವಿಯ ಮುಂದೆ ಕೂತರು. ಡ್ರೈವರ್ ಎದ್ದ, ಮೈಕ್ ಹಿಡಿದ, ಗಂಟಲು ಸರಿಮಾಡಿಕೊಂಡ.

"ನಾನು ಬಸ್ಸಿನ ಹಾರನ್ ಹೊಡೆದಷ್ಟೂ ಮನೇಲಿ ಮಾತಾಡಿಲ್ಲ," ಎಂದ. ಸಭೆ ನಕ್ಕಿತು. "ನಮ್ಮವಳು ಇಲ್ಲೇ ಎಲ್ಲೋ ಕೂತಿದಾಳೆ. ಇನ್ಮೇಲೆ ಮಾತಾಡ್ತೀನಿ ಅಂತ ನಿಮ್ಮೆಲ್ಲರ ಮುಂದೆ ಹೇಳ್ತಾ ಇದೀನಿ."

ಡ್ರೈವರಮ್ಮ ಬಾಯಿಗೆ ಕೈ ಅಡ್ಡ ಹಿಡಿದಳು. ಆಮೇಲೆ ಕಣ್ಣೊರೆಸಿಕೊಂಡು ಪಿಸುವಿನ ಕಡೆ ತಿರುಗಿದಳು. "ನೋಡಿದ್ಯಾ? ಒಂದಷ್ಟು ದಿನ ಇವಳ ಕೈ ಸೋಕದೆ ಇದ್ದಿದ್ದಕ್ಕೆ ಪ್ಲೇಯರ್ ತಾನಾಗೇ ಒಣಗಿ ಸರಿಹೋಯ್ತು."

ಸೊಸೆ ನೆಲ ನೋಡಿದಳು. ಹೌದು ಎಂಬಂತೆ ತಲೆಯಾಡಿಸಿದಳು.

ಆ ತಲೆಯಾಟವನ್ನು ಪಿಸುವಿನಿಂದ ತಡೆದುಕೊಳ್ಳಲಾಗಲಿಲ್ಲ.

"ಪ್ಲೇಯರ್ ಕೆಟ್ಟೇ ಇರ್ಲಿಲ್ಲ," ಎಂದಳು.

"ಏನಂದೆ? ಸ್ವಲ್ಪ ಗಟ್ಟಿಯಾಗಿ ಹೇಳೇ."

"ಕೆಟ್ಟಿರ್ಲಿಲ್ಲ ಅಮ್ಮಾ. ಡಿಸ್ಕೇ ಸರಿ ಇರ್ಲಿಲ್ಲ. ನಾನು ಅಂಟಿಸಿದ ಲೇಬಲ್ಲಿಂದ ಹಾಗಾಯ್ತು. ಅಕ್ಕ ಏನೂ ಮಾಡಿಲ್ಲ."

ಟಿವಿಯಲ್ಲಿ ಚಪ್ಪಾಳೆ ಬೀಳುತ್ತಿತ್ತು. ಡ್ರೈವರಮ್ಮ ಸೊಸೆಯನ್ನು ನೋಡಿದಳು, ಪ್ಲೇಯರನ್ನು ನೋಡಿದಳು. "ಅಷ್ಟು ಚೆಂದದ ಲೇಬಲ್ಲೇನೇ?" ಎಂದಳು, ನಂಬಲಾಗದವಳಂತೆ. ಆಮೇಲೆ ಸೊಸೆಯ ಕಡೆ ಮುಖ ಮಾಡದೆಯೇ, "ಮುಂಚೆನೇ ಗೊತ್ತಿದ್ರೆ ನಾನ್ಯಾಕೆ ಬೈತಿದ್ದೆ," ಎಂದು ಗೊಣಗಿ ನೀರು ಕುಡಿಯಲು ಎದ್ದುಹೋದಳು.

ಸೊಸೆ ಮೆಟ್ಟಿಲವರೆಗೆ ಜೊತೆಗೆ ಬಂದಳು. ಏನಾದರೂ ಒಳ್ಳೇ ಮಾತು ಆಡುತ್ತಾಳೇನೋ ಎಂದು ಪಿಸುವಿನ ಮನಸ್ಸು ಆಸೆಪಟ್ಟಿತು. ಆಸೆಪಟ್ಟದ್ದಕ್ಕೆ ನಾಚಿತು ಕೂಡ.

"ನಿಂಗೆ ಯಾವಾಗ ಗೊತ್ತಾಯ್ತು?"

ಮತ್ತೊಂದು ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು. "ಹೋದ ವಾರ," ಎಂದಳು ಪಿಸು.

ಸೊಸೆ ಕಂಬಿ ಹಿಡಿದು ನಿಂತಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಮೊನ್ನೆ ನಾನು ಒಪ್ಕೊಂಡ್ಬಿಟ್ಟೆ ಕಣೇ," ಎಂದಳು. "ನಾನೇ ಕೆಡಿಸಿದ್ದು, ತಪ್ಪಾಯ್ತು ಅಂತ ಅವರ ಕೈ ಹಿಡ್ಕೊಂಡು ಅತ್ತುಬಿಟ್ಟೆ. ದಿನಾ ಕೇಳಿ ಕೇಳಿ ನಂಗೂ ಹಾಗೇ ಅನ್ಸಿಬಿಟ್ಟಿತ್ತು."

ಪಿಸು ಏನೋ ಹೇಳಹೋದಳು.

"ಬೇಡ, ಹೋಗು," ಎಂದಳು ಸೊಸೆ. "ಬೇರೆ ಮನೆಗಳೂ ಇರ್ಬೇಕಲ್ಲ."

ಇದ್ದವು. ಒಂದೊಂದು ಲೇಬಲ್ಲಿನ ಮುಖವೂ ಅವಳಿಗೆ ನೆನಪಿತ್ತು. ಅಂಗಡಿಗೆ ಬಂದಾಗ ಮಾವ ಗಿರಾಕಿಯೊಬ್ಬರಿಗೆ ಲೆನ್ಸಿನ ತೇವದ ಬಗ್ಗೆ ಹೇಳುತ್ತಿದ್ದ. ಪಿಸು ತನ್ನ ಮೂಲೆಗೆ ಹೋಗಲಿಲ್ಲ. ಗಿರಾಕಿಯ ಎದುರಿಗೇ ನಿಂತು, "ಮಾವ, ಅದು ಹಾಗಲ್ಲ," ಎಂದಳು. ಅವನಿಗೆ ಕೇಳಿಸಲಿಲ್ಲ. ಅವಳು ಇನ್ನೊಮ್ಮೆ ಹೇಳಿದಳು.