ಎದೆಯ ಮೇಲಿನ ಕರಡಿಗೆ

ನಾನು ಒಂದು ಬೆಳ್ಳಿಯ ಕರಡಿಗೆ. ಲಿಂಗವಂತರು ತಮ್ಮ ಇಷ್ಟಲಿಂಗವನ್ನು ಒಳಗಿಟ್ಟು, ಶಿವದಾರಕ್ಕೆ ಕಟ್ಟಿ ಎದೆಯ ಮೇಲೆ ಧರಿಸುತ್ತಾರಲ್ಲ, ಆ ಪುಟ್ಟ ಡಬ್ಬಿ. ನೋಡುವವರಿಗೆ ಕಾಣುವುದು ನನ್ನ ಹೊಳಪು. ನನಗೆ ಕೇಳಿಸುವುದು ಮಾತ್ರ ನನ್ನನ್ನು ಧರಿಸಿದವರ ಎದೆಬಡಿತ. ಮುಖ ನಗುತ್ತಿರುವಾಗಲೂ ಒಳಗೆ ಅದು ಹೇಗೆ ಓಡುತ್ತಿರುತ್ತದೆ ಎಂಬುದು ನನಗೆ ಗೊತ್ತು. ಮನುಷ್ಯರನ್ನು ನಾನು ತಿಳಿದುಕೊಂಡದ್ದು ಅವರ ಭಯದಿಂದ.

ನಾನು ಹುಟ್ಟಿದ್ದು ಕೃಷ್ಣಾ ನದಿಯ ಆಚೆಗಿನ ಒಂದು ಸಂತೆಯೂರಿನಲ್ಲಿ, ಅಕ್ಕಸಾಲಿ ಮೌನೇಶ ಪತ್ತಾರರ ಕುಲುಮೆಯ ಮುಂದೆ. ಅದಕ್ಕೂ ಮೊದಲು ನಾನು ಒಬ್ಬ ತಾಯಿಯ ನಡುವಿನಲ್ಲಿ ಡಾಬಾಗಿದ್ದೆ. ಅವಳ ಮಗ ಅಡಿವೆಪ್ಪ ಬಾವಿ ತೋಡುವ ಕೆಲಸಕ್ಕೆ ಸೇರಿದ್ದ. ಅದುವರೆಗೆ ಅವನ ಲಿಂಗ ಬಟ್ಟೆಯ ಗಂಟಿನಲ್ಲಿ ಕೊರಳಲ್ಲಿತ್ತು. ಬಾವಿಯೊಳಗೆ ಬಟ್ಟೆ ನೆನೆದು ಹರಿದೀತು, ಲಿಂಗ ನೀರಿಗೆ ಬಿದ್ದೀತು ಎಂದು ಅವಳಿಗೆ ಹೆದರಿಕೆ. ಡಾಬನ್ನು ಬಿಚ್ಚಿ ಪತ್ತಾರರ ಮುಂದಿಟ್ಟು, ಗಟ್ಟಿಯಾಗಿ ಮಾಡಿಕೊಡಿ ಎಂದಷ್ಟೇ ಹೇಳಿದಳಂತೆ. ಮೂಸೆಯಲ್ಲಿ ಕರಗಿ, ಸುತ್ತಿಗೆಯ ಏಟು ತಿಂದು, ಮೇಲೊಂದು ಬಿಗಿಯಾದ ಮುಚ್ಚಳ, ಅಕ್ಕಪಕ್ಕ ಎರಡು ಕೊಂಡಿ ಪಡೆದು ನಾನು ಕರಡಿಗೆಯಾದೆ.

ಅಡಿವೆಪ್ಪನ ಕೆಲಸ ಮಣ್ಣು ಅಗೆಯುವುದಷ್ಟೇ ಆಗಿರಲಿಲ್ಲ. ಬಾವಿಯ ತಳದಲ್ಲಿ ಬಂಡೆ ಸಿಕ್ಕರೆ ತೂತು ಕೊರೆದು, ಮದ್ದು ತುಂಬಿ, ಬತ್ತಿಗೆ ಬೆಂಕಿ ಹಚ್ಚುವವನು ಅವನೇ. ಬೆಂಕಿ ಹಚ್ಚಿದ ಮೇಲೆ ಹಗ್ಗ ಹಿಡಿದು ಕೂಗು ಹಾಕಬೇಕು. ಮೇಲೆ ಅವನ ಜೊತೆಗಾರ ಹುಸೇನಸಾಬ ರಾಟೆ ತಿರುಗಿಸಿ ಅವನನ್ನು ಎಳೆದುಕೊಳ್ಳಬೇಕು. ಪ್ರತಿ ಸಲವೂ ಬೆಂಕಿಕಡ್ಡಿ ಗೀರುವ ಹೊತ್ತಿಗೆ ಅಡಿವೆಪ್ಪನ ಎದೆ ನನ್ನನ್ನು ಒಳಗಿನಿಂದ ತಟ್ಟುತ್ತಿತ್ತು. ಮೇಲೆ ಬಂದ ಮೇಲೆ ಎಲ್ಲರ ಜೊತೆ ಬೀಡಿ ಸೇದಿ ನಗುತ್ತಿದ್ದ.

ಆಗ ಅವನ ಪೂಜೆ ಹೆಸರಿಗೆ ಮಾತ್ರ ಇತ್ತು. ಬೆಳಿಗ್ಗೆ ಲಿಂಗವನ್ನು ತೆಗೆದು, ಎಡಗೈಯಲ್ಲಿಟ್ಟು, ನಾಲ್ಕು ಹನಿ ನೀರು, ಒಂದು ಚಿಟಿಕೆ ವಿಭೂತಿ. ಕಣ್ಣು ಆಗಲೇ ರೊಟ್ಟಿಯ ಬುಟ್ಟಿಯ ಕಡೆ. ಹೆಂಡತಿ ಶಾಂತವ್ವ ಗದರಿದರೆ, ದೇವರಿಗೂ ಗೊತ್ತೈತಿ ನನಗ ಹೊತ್ತಾಗೈತಿ ಅಂತ, ಎನ್ನುತ್ತಿದ್ದ.

ಒಂದು ಬೇಸಿಗೆ, ಆಳವಾದ ಒಂದು ಬಾವಿಯಲ್ಲಿ ಅವನು ಬತ್ತಿಗೆ ಬೆಂಕಿ ಹಚ್ಚಿ ಕೂಗಿದ. ಹಗ್ಗ ಒಂದಾಳೆತ್ತರ ಮೇಲೆದ್ದು ನಿಂತುಬಿಟ್ಟಿತು. ರಾಟೆಯಿಂದ ಜಾರಿ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಮೇಲೆ ಹುಸೇನಸಾಬ ಬರಿಗೈಯಲ್ಲಿ ಎಳೆಯುತ್ತಿದ್ದ. ಕೆಳಗೆ ಬತ್ತಿ ಹಾವಿನಂತೆ ಸುಸ್ಸೆನ್ನುತ್ತಾ ತೂತಿನ ಕಡೆ ಸಾಗುತ್ತಿತ್ತು. ಅಡಿವೆಪ್ಪ ಹಗ್ಗ ಬಿಟ್ಟು ಕೆಳಗೆ ಹಾರಿದ. ಬತ್ತಿಯನ್ನು ಕೀಳಲು ಕೈ ಚಾಚುವಷ್ಟರಲ್ಲಿ ಕಿಡಿ ತೂತಿನೊಳಗೆ ಇಳಿದಾಗಿತ್ತು. ಅವನು ಗೋಡೆಗೆ ಮುಖ ಒತ್ತಿ ನನ್ನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಬೆರಳುಗಳು ಎಷ್ಟು ಬಿಗಿಯಾಗಿದ್ದವೆಂದರೆ ನನ್ನ ಒಂದು ಮಗ್ಗುಲು ತಗ್ಗಿತು. ಆ ತಗ್ಗು ಇಂದಿಗೂ ಇದೆ.

ಸಿಡಿಯಲಿಲ್ಲ. ಬಂಡೆಯ ಬಿರುಕಿನಿಂದ ಜಿನುಗಿದ ನೀರು ಮದ್ದನ್ನು ನೆನೆಸಿತ್ತು. ಆದರೆ ಅದು ಅವನಿಗೆ ಗೊತ್ತಾಗಬೇಕಲ್ಲ. ಹಗ್ಗ ಸರಿಯಾಗಿ ಕೆಳಗಿಳಿಯುವವರೆಗೂ ಅವನು ಈಗ, ಈಗ ಎಂದು ಕಾಯುತ್ತಲೇ ನಿಂತಿದ್ದ. ಅಷ್ಟು ಹೊತ್ತು ಆ ಎದೆಯ ಮೇಲಿದ್ದವನು ನಾನು. ಅದನ್ನು ನೆನೆದರೆ ಈಗಲೂ ನನ್ನ ಬೆಳ್ಳಿ ತಣ್ಣಗಾಗುತ್ತದೆ.

ಮರುದಿನ ಅವನು ಸ್ನಾನ ಮಾಡಿ, ಕೋಣೆಯ ಮೂಲೆಯಲ್ಲಿ ಕುಳಿತು, ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದ. ರೊಟ್ಟಿ ಆರಿತು. ಕೊನೆಗೆ, “ನಿನ್ನೆ ನೀ ಇದ್ದಿ. ಮರಿಯೂದಿಲ್ಲ,” ಎಂದ.

ಅಂದಿನಿಂದ ಅದೇ ಅವನ ಪೂಜೆ. ಹಿಂದಿನ ದಿನ ಏನೇನು ಆಯಿತೋ ಅದನ್ನೆಲ್ಲ ಲಿಂಗದ ಮುಂದೆ ಹೇಳಿಕೊಳ್ಳುವುದು. ಕಾಲು ಜಾರಿದ್ದು, ಬೀಳದೆ ಉಳಿದದ್ದು, ಮಗನ ಜ್ವರ ಇಳಿದದ್ದು. ಹೆದರಿಕೆ ಹೋಯಿತೆಂದು ಮಾತ್ರ ತಿಳಿಯಬೇಡಿ. ಕಡ್ಡಿ ಗೀರುವಾಗ ಅವನ ಎದೆ ಮೊದಲಿನಂತೆಯೇ ಓಡುತ್ತಿತ್ತು.

ಎರಡು ಮಳೆಗಾಲ ಕಳೆದ ಮೇಲೆ ಬಾವಿಯೊಂದರ ದಂಡೆ ಕುಸಿದು ಹುಸೇನಸಾಬ ಮಣ್ಣಿನಡಿ ಸಿಕ್ಕು ಸತ್ತುಹೋದ. ಆ ದಿನ ಹಗ್ಗದ ಕೆಳಗೆ, ಎದುರು ಗೋಡೆಗೆ ಒತ್ತಿ ನಿಂತು ಉಳಿದವನು ಅಡಿವೆಪ್ಪ. ಮೇಲೆ, ಅಪಾಯವಿಲ್ಲದ ಕಡೆ, ಇದ್ದವನು ಹುಸೇನಸಾಬ. ಮಣ್ಣು ಮಾಡಿ ಬಂದ ಮರುದಿನ ಬೆಳಿಗ್ಗೆ ಅಡಿವೆಪ್ಪ ನನ್ನ ಮುಚ್ಚಳದ ಮೇಲೆ ಹೆಬ್ಬೆರಳಿಟ್ಟು ಹಾಗೇ ಕುಳಿತ. ಇವತ್ತು ಇವನು ನನ್ನನ್ನು ತೆರೆಯುವುದಿಲ್ಲ ಎಂದು ನನಗೆ ದಿಗಿಲಾಯಿತು. ಶಾಂತವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವನು ತೆರೆದ. ಲಿಂಗವನ್ನು ಅಂಗೈಯಲ್ಲಿಟ್ಟ. ನೀರು ಹಾಕಲು ತಂಬಿಗೆ ಮುಟ್ಟಲಿಲ್ಲ. ಕಣ್ಣಿಂದಲೇ ಹನಿ ಬೀಳುತ್ತಿತ್ತು.

“ಇವತ್ತ ನನ್ನ ಹಂತೇಲಿ ಮಾತಿಲ್ಲ,” ಎಂದ. “ಆದ್ರ ಬಂದು ಕುಂತೀನಿ.”

ಅವನು ಮಾಡಿದ ಪೂಜೆಗಳಲ್ಲೆಲ್ಲ ದೊಡ್ಡದು ಅದೇ ಎಂದು ನನಗೆ ಅನಿಸುತ್ತದೆ.

ಅಡಿವೆಪ್ಪ ಮುದುಕನಾಗಿ, ಹಾಸಿಗೆಯ ಮೇಲೆ, ಹಗಲು ಹೊತ್ತಿನಲ್ಲಿ ತೀರಿಕೊಂಡ. ನಮ್ಮವರ ಪದ್ಧತಿಯಂತೆ ಕುಳ್ಳಿರಿಸಿ, ಲಿಂಗವನ್ನು ಅವನ ಎಡಗೈಯಲ್ಲಿಟ್ಟು ಸಮಾಧಿ ಮಾಡಿದರು. ಲಿಂಗ ಅವನ ಜೊತೆ ಹೋಯಿತು. ನಾನು ಉಳಿದೆ.

ಖಾಲಿಯಾಗುವುದು ಎಂದರೇನೆಂದು ಆಗ ತಿಳಿಯಿತು. ಟ್ರಂಕಿನಲ್ಲಿ ಹಳೆಯ ಸೀರೆಗಳ ನಡುವೆ ಕತ್ತಲಲ್ಲಿ ಬಿದ್ದಿದ್ದೆ. ಎದೆಯಿಲ್ಲ, ಬಡಿತವಿಲ್ಲ, ಒಳಗೆ ಲಿಂಗವಿಲ್ಲ. ಒಮ್ಮೆ ಅಡಿವೆಪ್ಪನ ಮಗ ನನ್ನನ್ನು ಕರಗಿಸಿ ಗೆಜ್ಜೆ ಮಾಡಿಸಲು ಪತ್ತಾರರ ಅಂಗಡಿಗೆ ಒಯ್ದ. ಕುಲುಮೆಯ ಕೆಂಪು ಕಂಡಾಗ ನನಗೆ ನನ್ನ ಹುಟ್ಟು ನೆನಪಾಯಿತು. ಆ ಹೊತ್ತಿಗೆ ಶಾಂತವ್ವ ಬರಿಗಾಲಲ್ಲಿ ಓಡಿ ಬಂದು ಮಗನ ಕೈಯಿಂದ ನನ್ನನ್ನು ಕಸಿದುಕೊಂಡಳು. ಇದು ಮೊಮ್ಮಗಳು ದಾನಮ್ಮನಿಗೆ ಎಂದು ಹೇಳಿ ಸೆರಗಿನಲ್ಲಿ ಕಟ್ಟಿಕೊಂಡಳು.

ಮುಂದೆ ದಾನಮ್ಮ ತನ್ನ ಇಷ್ಟಲಿಂಗವನ್ನು ನನ್ನೊಳಗಿಟ್ಟು ಧರಿಸಿದಳು. ಅವಳು ನರ್ಸ್ ಆಗಿದ್ದಳು. ನದಿದಂಡೆಯ ಒಂದು ಊರಿನ ಆರೋಗ್ಯ ಉಪಕೇಂದ್ರದಲ್ಲಿ ಅವಳಿಗೆ ಕೆಲಸ. ನದಿಯ ನಡುವೆ ಒಂದು ನಡುಗಡ್ಡೆ, ಅದರಲ್ಲಿ ಕೆಲವು ಮನೆಗಳು. ಚುಚ್ಚುಮದ್ದು ಹಾಕಲು ಹರಿಗೋಲಿನಲ್ಲಿ ಅಲ್ಲಿಗೆ ಹೋಗಬೇಕು. ದಾನಮ್ಮನಿಗೆ ಈಜು ಬಾರದು. ನೀರೆಂದರೆ ಅವಳಿಗೆ ಪ್ರಾಣಭಯ. ಬುಟ್ಟಿಯಂಥ ಆ ಹರಿಗೋಲು ಒಂದು ಸುತ್ತು ತಿರುಗಿದರೆ ಸಾಕು, ಅವಳ ಎದೆ ಅವಳ ತಾತನ ಎದೆಯಂತೆಯೇ ನನ್ನನ್ನು ತಟ್ಟುತ್ತಿತ್ತು.

ಆದರೆ ತಾತನ ಪೂಜೆ ಅವಳಿಗೆ ಬಂದಿರಲಿಲ್ಲ. ಬೆಳಿಗ್ಗೆ ಯಾರಾದರೂ ಬಾಗಿಲು ತಟ್ಟುತ್ತಿದ್ದರು, ಇಲ್ಲವೇ ಮಗಳು ಅಳುತ್ತಿದ್ದಳು. ಸ್ನಾನವಾದ ಮೇಲೆ ನನ್ನನ್ನು ಕಣ್ಣಿಗೊತ್ತಿಕೊಂಡು, ನಾಳೆ ಕೂಡ್ತೀನಿ ಎಂದು ರವಿಕೆಯೊಳಗೆ ಸೇರಿಸುತ್ತಿದ್ದಳು. ಹಾಗೆ ಎಷ್ಟೋ ನಾಳೆಗಳು ಹೋದವು. ನನ್ನ ಮುಚ್ಚಳದ ಅಂಚಿಗೆ ಕಪ್ಪು ಹಿಡಿಯಿತು.

ಆ ವರ್ಷ ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರು. ನದಿ ಕೆಂಪಾಗಿ ಏರತೊಡಗಿತು. ಮಧ್ಯಾಹ್ನ ನಡುಗಡ್ಡೆಯಿಂದ ಸುದ್ದಿ ಬಂತು: ಹುಲಿಗೆಮ್ಮ ಎಂಬ ತುಂಬು ಬಸುರಿಗೆ ಫಿಟ್ಸ್ ಬರುತ್ತಿದೆ. ಅಂಬಿಗರ ಅಮರಪ್ಪ ಹರಿಗೋಲು ಹಿಡಿದು ದಂಡೆಯಲ್ಲಿ ನಿಂತಿದ್ದ.

“ಈಗಾದ್ರ ಹೋಗಿ ಬರಬೌದು ಅಕ್ಕೋರ. ಇನ್ನೊಂದ ತಾಸಿಗೆ ನಾನೂ ಒಲ್ಲೆ ಅಂತೀನಿ,” ಎಂದ.

ದಾನಮ್ಮ ನೀರನ್ನೇ ನೋಡುತ್ತಾ ನಿಂತಳು. ಒಂದು ಇಡೀ ಜಾಲಿಯ ಗಿಡ ಬೇರುಸಹಿತ ಅವಳ ಮುಂದೆಯೇ ತೇಲಿ ಹೋಯಿತು. ಹೋಗದಿದ್ದರೆ ಯಾರೂ ಅವಳನ್ನು ದೂರುತ್ತಿರಲಿಲ್ಲ. ಅವಳ ಕೈ ರವಿಕೆಯ ಮೇಲಿಂದ ನನ್ನನ್ನು ಹಿಡಿಯಿತು. ಬೆರಳು ನನ್ನ ಮಗ್ಗುಲಿನ ಆ ತಗ್ಗಿಗೆ ತಾಗಿತು. ಅದು ಹೇಗಾಯಿತೆಂದು ಅಜ್ಜಿ ಅವಳಿಗೆ ಎಷ್ಟೋ ಸಲ ಹೇಳಿದ್ದಳು. ತಾತನ ಜೊತೆ ಇದ್ದಿಯಂತ, ಎಂದು ಅವಳು ತುಟಿಯಲ್ಲೇ ಅಂದದ್ದು ನನಗೆ ಕೇಳಿಸಿತು. ಔಷಧಿಯ ಚೀಲ ಎತ್ತಿಕೊಂಡು ಹರಿಗೋಲಿಗೆ ಕಾಲಿಟ್ಟಳು.

ಹೋಗುವಾಗ ಹೇಗೋ ಹೋದರು. ಇಂಜೆಕ್ಷನ್ ಕೊಟ್ಟು, ಹುಲಿಗೆಮ್ಮನನ್ನು ಕಂಬಳಿಯಲ್ಲಿ ಹೊತ್ತು ತಂದು ಹರಿಗೋಲಿನಲ್ಲಿ ಮಲಗಿಸಿದರು. ಅವಳ ಗಂಡ ಯಂಕೋಬ ಬಕೆಟ್ ಹಿಡಿದು ಕುಳಿತ. ನಡುನೀರಿಗೆ ಬಂದಾಗ ಸುಳಿ ಹಿಡಿಯಿತು. ಹರಿಗೋಲು ಗಿರಗಿರನೆ ತಿರುಗಿ, ಅಲೆ ಒಳಗೆ ನುಗ್ಗಿತು. ಅಮರಪ್ಪ ಹುಟ್ಟನ್ನು ಎದೆಗೊತ್ತಿ ತಳ್ಳುತ್ತಿದ್ದ. ಯಂಕೋಬ ನೀರು ಮೊಗೆದು ಹೊರಗೆ ಚೆಲ್ಲುತ್ತಿದ್ದ. ಆಗಲೇ ಹುಲಿಗೆಮ್ಮನಿಗೆ ಮತ್ತೆ ಫಿಟ್ಸ್ ಬಂತು. ದಾನಮ್ಮ ಬಾಗಿ ಅವಳ ತಲೆಯನ್ನು ಮಗ್ಗುಲಿಗೆ ತಿರುಗಿಸಿ ತೊಡೆಯ ಮೇಲೆ ಹಿಡಿದಳು. ಸೆಟೆದ ಕೈಯೊಂದು ಮೇಲೆದ್ದು ಶಿವದಾರಕ್ಕೆ ಸಿಕ್ಕಿ ಜಗ್ಗಿತು.

ದಾರ ಹರಿಯಿತು. ನಾನು ಹರಿಗೋಲಿನ ತಳಕ್ಕೆ ಬಿದ್ದೆ. ಮುಚ್ಚಳ ತೆರೆದುಕೊಂಡಿತು, ಲಿಂಗ ಕೆಸರುನೀರಿಗೆ ಉರುಳಿತು.

ದಾನಮ್ಮ ನೋಡಿದಳು. ಕೈ ಚಾಚಿದ್ದರೆ ಸಿಗುತ್ತಿತ್ತು. ಆದರೆ ತೊಡೆಯ ಮೇಲಿನ ತಲೆಯನ್ನು ಬಿಟ್ಟಿದ್ದರೆ ಆ ಹೆಣ್ಣುಮಗಳ ಮುಖ ನೀರಿನಲ್ಲಿ ಮುಳುಗುತ್ತಿತ್ತು. ಅವಳು ಕೈ ಬಿಡಲಿಲ್ಲ. ಯಂಕೋಬನನ್ನು ಕೂಗಿದಳು, ನದಿಯ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ. ಅವನು ಬಕೆಟ್ ಅದ್ದಿ ಮೊಗೆದು ಚೆಲ್ಲಿದ. ಆ ನೀರಿನ ಜೊತೆ ಲಿಂಗವೂ ಹೊರಗೆ ಹೋಯಿತು. ಅವಳು ಕಣ್ಣು ಮುಚ್ಚಿಕೊಂಡಳು.

ದಂಡೆ ಸಿಕ್ಕಿತು. ತಳದಲ್ಲಿ ಬಿದ್ದಿದ್ದ ನನ್ನನ್ನು ದಾನಮ್ಮ ಹೆಕ್ಕಿಕೊಂಡಳು. ಕಾಯುತ್ತಿದ್ದ ಜೀಪಿನಲ್ಲಿ ತಾಲೂಕು ಆಸ್ಪತ್ರೆಗೆ ಒಯ್ದರು. ಹುಲಿಗೆಮ್ಮ ಉಳಿದಳು, ಕೂಸೂ ಉಳಿಯಿತು.

ಹುಲಿಗೆಮ್ಮನ ಮನೆಯಲ್ಲಿ ಸಂತೋಷ. ದಾನಮ್ಮನ ಮನೆಯಲ್ಲಿ ಮಾತ್ರ ಒಲೆ ಹೊತ್ತಲಿಲ್ಲ. ಲಿಂಗ ಕಳೆದುಕೊಂಡವರು ಬದುಕಬಾರದು ಎಂದು ಹಿರಿಯರು ಹೇಳುತ್ತಿದ್ದುದನ್ನು ಅವಳು ಸಣ್ಣವಳಿದ್ದಾಗ ಕೇಳಿದ್ದಳು. ಓದಿದವಳು, ಆ ಮಾತು ನಂಬುವುದಿಲ್ಲ ಎಂದುಕೊಂಡಿದ್ದಳು. ಈಗ ಅದೇ ಮಾತು ಅವಳನ್ನು ಮಲಗಗೊಡಲಿಲ್ಲ. ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿತ್ತು: ಲಿಂಗ ಕೊರಳಲ್ಲಿದ್ದಾಗ ತಾನು ಕೂರಲಿಲ್ಲ. ಇನ್ನು ಕೂರಬೇಕೆಂದರೂ ಇಲ್ಲ. ಖಾಲಿಯಾದ ನನ್ನನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಅವಳು ಬಸ್ಸು ಹತ್ತಿ ಮಠಕ್ಕೆ ಹೋದಳು.

ಸ್ವಾಮಿಗಳು ವಯಸ್ಸಾದವರು. ಎಲ್ಲವನ್ನೂ ಕೇಳಿದರು. ದಾನಮ್ಮ ಕೊನೆಗೆ, “ದೇವರನ್ನ ಕಳಕೊಂಡೀನಿ ಬುದ್ಧಿ,” ಎಂದು ನೆಲ ನೋಡಿದಳು.

“ನೀ ಕಳಕೊಂಡಿ ಖರೆ,” ಎಂದರು ಅವರು. “ಅಂವ ನಿನ್ನ ಕಳಕೊಂಡಿಲ್ಲಲ್ಲವ್ವಾ. ಆ ನೀರಾಗಿಂದ ನಿನ್ನ ಕರಕೊಂಡ ಬಂದವ ಯಾರು?”

ಮರುದಿನ ಸ್ನಾನ ಮಾಡಿಸಿ, ಮಂತ್ರ ಹೇಳಿ, ಹೊಸ ಲಿಂಗವನ್ನು ಅವಳ ಅಂಗೈಗೆ ಕೊಟ್ಟರು. ನನಗೆ ಹೊಸ ಶಿವದಾರ ಬಂತು. ಅವಳು ಅಲ್ಲೇ ಕಂಬದ ಬದಿಗೆ ಕುಳಿತು, ಲಿಂಗವನ್ನು ನೋಡುತ್ತಾ, ಹರಿಗೋಲಿನಲ್ಲಿ ಆದದ್ದನ್ನು ಮೊದಲಿನಿಂದ ಒಂದೊಂದಾಗಿ ಹೇಳಿಕೊಂಡಳು.

ಆಮೇಲೆ ಅವಳು ಒಂದು ಬೆಳಿಗ್ಗೆಯೂ ನನ್ನನ್ನು ತೆರೆಯದೆ ಬಿಡಲಿಲ್ಲ. ಬಾಗಿಲು ತಟ್ಟಿದವರಿಗೆ, ಜೀವ ಹೋಗುವ ಮಾತಿದ್ದರೆ ಎಬ್ಬಿಸ್ರಿ, ಇಲ್ಲಂದ್ರ ಕಟ್ಟೀ ಮ್ಯಾಲೆ ಕುಂಡ್ರಿ ಎನ್ನುತ್ತಿದ್ದಳು. ನದಿಯ ಹೆದರಿಕೆ ಕೊನೆಗೂ ಹೋಗಲಿಲ್ಲ. ಹೆದರುತ್ತಲೇ ಹರಿಗೋಲು ಹತ್ತಿದಳು, ಹೆದರುತ್ತಲೇ ಇಳಿದಳು, ಬೆಳಿಗ್ಗೆ ಅದನ್ನೂ ಹೇಳಿಕೊಂಡಳು.

ಈಗ ದಾನಮ್ಮನೂ ಮುದುಕಿ, ನಾನೂ ಮುದುಕ. ನನ್ನ ಒಂದು ಕೊಂಡಿ ಸವೆದು ಬಿಟ್ಟಿದೆ, ಶಿವದಾರ ಹಿಡಿಯುವುದಿಲ್ಲ. ದೇವರ ಕೋಣೆಯ ಗೂಡಿನಲ್ಲಿ ನನ್ನನ್ನು ಇಟ್ಟಿದ್ದಾರೆ. ದಾನಮ್ಮನಿಗೆ ಮರೆವಿನ ಕಾಯಿಲೆ. ಮೊದಲು ಊರುಗಳ ಹೆಸರು ಹೋಯಿತು, ಆಮೇಲೆ ಜನರದು. ಹೋದ ತಿಂಗಳು ಮಗಳು ಮಹಾನಂದಾಳ ಮುಖ ನೋಡಿ, ಯಾರ ಪೈಕಿ ನೀವು ಎಂದು ಕೇಳಿದಳು. ಮಹಾನಂದಾ ಅಡುಗೆಮನೆಗೆ ಹೋಗಿ ಬಾಯಿಗೆ ಸೆರಗು ಒತ್ತಿಕೊಂಡು ಅತ್ತದ್ದನ್ನು ಗೂಡಿನಿಂದಲೇ ಕೇಳಿದೆ. ನನ್ನ ಜೀವಮಾನದ ಹೆದರಿಕೆಗಳಲ್ಲಿ ಇದೇ ದೊಡ್ಡದು. ಬಾವಿ, ನದಿ ಎಲ್ಲ ಹೊರಗಿದ್ದವು. ಇದು ಒಳಗಿನಿಂದ ಒಂದೊಂದನ್ನೇ ಒಯ್ಯುತ್ತಿದೆ. ಆ ಬಾವಿಯಲ್ಲಿ, ಆ ಹರಿಗೋಲಿನಲ್ಲಿ ಜೊತೆಗಿದ್ದವನನ್ನೂ ಅವಳು ಮರೆತುಬಿಟ್ಟರೆ?

ಇವತ್ತು ಬೆಳಿಗ್ಗೆ ಮಹಾನಂದಾ ತಾಯಿಗೆ ಸ್ನಾನ ಮಾಡಿಸಿ ಮಣೆಯ ಮೇಲೆ ಕೂರಿಸಿದಳು. ನನ್ನನ್ನು ಮುಂದಿಟ್ಟಳು. ದಾನಮ್ಮ ನನ್ನನ್ನು ಗುರುತಿಸಲಿಲ್ಲ. ಮುಚ್ಚಳ ತೆಗೆಯುವುದು ಹೇಗೆಂದು ತಿಳಿಯದೆ ತಿರುಗಿಸಿ ಮುರುಗಿಸಿ ನೋಡಿದಳು. ಮಗಳೇ ತೆರೆದು, ಲಿಂಗವನ್ನು ತೆಗೆದು ಹಿಡಿದಳು. ಯಾರೂ ಹೇಳದೆ ದಾನಮ್ಮನ ಎಡಗೈ ತಾನಾಗಿ ಚಾಚಿಕೊಂಡಿತು.

ನಾನು ಖಾಲಿಯಾಗಿ ಮಣೆಯ ಪಕ್ಕದಲ್ಲಿ ಬಿದ್ದಿದ್ದೆ. ಬಿಸಿಲು ಕಿಟಕಿಯಿಂದ ಇಳಿದು ಗೋಡೆಯ ಬುಡಕ್ಕೆ ಬಂತು. ಉಪ್ಪಿಟ್ಟು ಆರಿತು. ಮಹಾನಂದಾ ಬಂದು ಲಿಂಗವನ್ನು ಇಸಿದುಕೊಳ್ಳಲು ಮೆಲ್ಲಗೆ ಕೈ ಮುಂದೆ ಮಾಡಿದಳು.

“ಸಾಕಬೇ, ಇಲ್ಲಿ ಕೊಡು. ಇಟ್ಟ ಬಿಡ್ತೀನಿ.”

ದಾನಮ್ಮ ಅಂಗೈಯಿಂದ ಕಣ್ಣು ತೆಗೆಯಲಿಲ್ಲ.

“ತಡೀರಿ,” ಎಂದಳು, ಯಾರೋ ಹೊರಗಿನವರಿಗೆ ಹೇಳುವಂತೆ. “ಅಂವ ಇನ್ನೂ ನನ್ನ ನೋಡಾಕತ್ತಾನ.”